220 ಎಂಬ ಒಂದೇ ಅಂಕಿ ಸಾಲದು

ಹೃದಯಾಘಾತವಾಗಿ ಆಸ್ಪತ್ರೆಗೆ ದಾಖಲಾದವರ ಶುಗರ್ 200 ದಾಟಿದ್ದರೆ ಅಪಾಯ ಹೆಚ್ಚು ಎಂದು ಲೇಖನವೊಂದು ಹೇಳುತ್ತದೆ. ನಿಜ, ಆದರೆ ಆ ಅಂಕಿಯ ಪಕ್ಕದಲ್ಲಿ ಎಚ್‌ಬಿಎ1ಸಿ (ಗ್ಲೂಕೋಸ್ ಅಂಟಿದ ಹಿಮೋಗ್ಲೋಬಿನ್ ಶೇಕಡಾ ಎಷ್ಟು ಎಂದು ಹೇಳುವ ರಕ್ತಪರೀಕ್ಷೆ) ಇಟ್ಟು ನೋಡದಿದ್ದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ, ಬರುವುದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಗ್ಲೂಕೋಸ್ (ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ). ಇಬ್ಬರಿಗೂ 220 ಬಂದಿದೆ ಎನ್ನಿ. ಎಚ್‌ಬಿಎ1ಸಿ 9.5 ಇದ್ದವರ ಸರಾಸರಿಯೇ ಸುಮಾರು 226, ಅಂದರೆ ಹೊಸದಾಗಿ ಏರಿದ್ದು ಏನೂ ಇಲ್ಲ. 6 ಇದ್ದವರ ಸರಾಸರಿ 125ರ ಆಸುಪಾಸು, ಅವರದು ಅದರ 1.75 ಪಟ್ಟಿನಷ್ಟಕ್ಕೆ ಜಿಗಿದಿದೆ. ಹೃದಯಾಘಾತದ ಒತ್ತಡಕ್ಕೆ ಉಕ್ಕುವ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಸೇರಿ ಯಕೃತ್ತಿನಿಂದ ಗ್ಲೂಕೋಸ್ ಹೊರಬಿಡಿಸಿವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ನಿಂತಿವೆ. ‘ಇವರಿಗೆ ಡಯಾಬಿಟಿಸ್ ಇರಲಿಲ್ಲ, ತಾನಾಗಿ ಇಳಿಯುತ್ತದೆ’ ಎಂದು ನಿರಾಳವಾಗುವುದು ಇಂಥವರ ವಿಷಯದಲ್ಲೇ. ಅದೇ ದೊಡ್ಡ ತಪ್ಪು, ಹೀಗೆ ಹೊಸದಾಗಿ ಜಿಗಿದವರಿಗೇ ಅಪಾಯ ಹೆಚ್ಚು. (ರಕ್ತಹೀನತೆ ಇದ್ದರೆ ಅಥವಾ ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಎಚ್‌ಬಿಎ1ಸಿ ನಂಬುವಂತಿಲ್ಲ.)

ಹಾಗೆಂದು ಇನ್ಸುಲಿನ್ ಕೊಟ್ಟು 100ಕ್ಕೆ ಇಳಿಸಲು ಹೋಗಬಾರದು. 180 ದಾಟಿ ನಿಂತರೆ ಶುರುಮಾಡಿ, 140–180ರೊಳಗೆ ಹಿಡಿದರೆ ಸಾಕು. 70ರ ಕೆಳಗೆ ಬಿದ್ದರೆ ಅಡ್ರಿನಲಿನ್ ಮತ್ತೆ ಉಕ್ಕುತ್ತದೆ. ಇನ್ಸುಲಿನ್ ರಕ್ತದಲ್ಲಿನ ಪೊಟ್ಯಾಸಿಯಮ್ಮನ್ನೂ ಜೀವಕೋಶದೊಳಕ್ಕೆ ಎಳೆಯುತ್ತದೆ. ಅದನ್ನು ಗಮನಿಸದಿದ್ದರೆ ಪೆಟ್ಟು ತಿಂದ ಹೃದಯದ ಲಯ ತಪ್ಪಬಹುದು.