ಪಕ್ಕದ ತೋಟದ ಬೋರು ಎಷ್ಟು ಅಡಿ?

ಹೋದ ವಾರ ಆಫೀಸಿನಲ್ಲಿ ಒಂದು ಮೀಟಿಂಗ್ ನಡೆಯಿತು. ನಮ್ಮ ಟೀಮಿನ ಹುಡುಗಿಯೊಬ್ಬಳನ್ನು ಮ್ಯಾನೇಜರ್ ಕೇಳಿದರು, "ಈ ಡೇಟಾ ಮೈಗ್ರೇಶನ್‌ಗೆ ಎಷ್ಟು ದಿನ ಬೇಕು?" ಅಂದರೆ ಕ್ಲೈಂಟಿನ ಹಳೆಯ ಸಿಸ್ಟಮಿನಲ್ಲಿರುವ ಮಾಹಿತಿಯನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ. ಅವಳು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದೆ ಅಷ್ಟೇ. ಸ್ವಲ್ಪ ಹೊತ್ತು ಯೋಚಿಸಿ, "ಆರು ವಾರ ಬೇಕಾಗಬಹುದು ಸರ್" ಅಂದಳು. "ನಾಲ್ಕು ವಾರದಲ್ಲಿ ಆಗಲ್ವಾ?" ಅಂತ ಮತ್ತೆ ಕೇಳಿದರು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಅವಳೇ, "ಟ್ರೈ ಮಾಡ್ತೀನಿ ಸರ್" ಅಂದಳು.

ಸಂಜೆಯೊಳಗೆ ಕ್ಲೈಂಟ್‌ಗೆ ಮೇಲ್ ಹೋಗಿತ್ತು. ಅದರಲ್ಲಿ "ಟ್ರೈ" ಅನ್ನುವ ಮಾತೇ ಇರಲಿಲ್ಲ. ತಾರೀಕು ಇತ್ತು.

ಆ ರೂಮಿನಲ್ಲಿ ನಾನೂ ಇದ್ದೆ. ಈ ಕೆಲಸದಲ್ಲಿ 17 ವರ್ಷ ಕಳೆದಿದ್ದೇನೆ. ನಾಲ್ಕು ವಾರಕ್ಕೆ ಅದು ಆಗುವ ಕೆಲಸ ಅಲ್ಲ ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅವತ್ತಿನಿಂದ ಅದು ಒಳಗೇ ಕೊರೆಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮೂರು ಶಿರಾ ಕಡೆ. ಕೆಲವು ವರ್ಷದ ಹಿಂದೆ ಅಪ್ಪ ತೋಟದಲ್ಲಿ ಬೋರ್ ಹಾಕಿಸಿದರು. ಬೋರ್ ಕೊರೆಯುವ ಲಾರಿ ತಮಿಳುನಾಡಿನ ತಿರುಚೆಂಗೋಡಿನದ್ದು, ಜೊತೆಗೆ ಕನ್ನಡ ಬರುವ ಏಜೆಂಟ್ ಒಬ್ಬರು. ಅಪ್ಪ ಕೇಳಿದರು, "ಒಟ್ಟು ಎಷ್ಟಾಗುತ್ತೆ ಹೇಳಪ್ಪ, ದುಡ್ಡು ಹೊಂದಿಸಬೇಕು." ಆತ ಸುಮ್ನೆ ಒಂದು ಮೊತ್ತ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಅಡಿಗೆ ಇಷ್ಟು, ಕೇಸಿಂಗ್ ಪೈಪಿನ ದುಡ್ಡು ಬೇರೆ. ನೀರು ಎಷ್ಟಕ್ಕೆ ಸಿಗುತ್ತೆ ಅಂತ ನಾನು ಹೇಳೋಕಾಗಲ್ಲ ಯಜಮಾನ್ರೇ. ಪಕ್ಕದ ತೋಟದ ಬೋರು ಎಷ್ಟು ಅಡಿ?" ಅಂತ ತಿರುಗಿ ಕೇಳಿದರು. ಅಪ್ಪ ಬೆರಳು ಮಡಚಿ ಹೇಳಿದರು. ಪಕ್ಕದವರದು 640, ಆಚೆಯವರದು 810, ಕೆಳಗಿನ ಹೊಲದ್ದು ಫೇಲು. "ಹಾಗಾದ್ರೆ 850ಕ್ಕೆ ದುಡ್ಡು ಇಟ್ಕೊಳ್ಳಿ. 600ಕ್ಕೆ ಬಂದಾಗ ಮತ್ತೆ ಮಾತಾಡೋಣ."

ಆ ಮಾತು ಎಷ್ಟು ತಿಳಿವಳಿಕೆಯದ್ದು ಅಂತ ನನಗೆ ಆಗ ಹೊಳೆದಿರಲಿಲ್ಲ. ಕಾಣದ ನೆಲದ ಬಗ್ಗೆ ಅವರು ಮಾತು ಕೊಡಲಿಲ್ಲ. ಅಕ್ಕಪಕ್ಕ ಈಗಾಗಲೇ ಆಗಿರುವುದನ್ನು ಕೇಳಿಕೊಂಡರು. ಇಷ್ಟರಿಂದ ಇಷ್ಟು ಅಂತ ಹೇಳಿದರು. ಮತ್ತೆ ಯಾವಾಗ ಲೆಕ್ಕ ನೋಡಬೇಕು ಅಂತಲೂ ಹೇಳಿದರು. ನಮ್ಮ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲಿ ಇಷ್ಟು ಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ ಅಂತ ನಾನು ನಂಬಿದ್ದೇನೆ.

ಇದರ ಬಗ್ಗೆ ಡೇನಿಯಲ್ ಕಾಹ್ನೆಮನ್ ಹೇಳಿಕೊಂಡ ಒಂದು ಘಟನೆ ಇದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ. 1970ರ ದಶಕದಲ್ಲಿ ಇಸ್ರೇಲಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ಹೊಸ ಪಠ್ಯ ಬರೆಯುವ ತಂಡದಲ್ಲಿ ಅವರಿದ್ದರು. ಕೆಲಸ ಚೆನ್ನಾಗಿ ಸಾಗಿತ್ತು. ಒಂದು ದಿನ ಎಲ್ಲರೂ ಒಂದೊಂದು ಚೀಟಿಯಲ್ಲಿ, ಇದು ಮುಗಿಯಲು ಎಷ್ಟು ಕಾಲ ಬೇಕು ಅಂತ ಬರೆದರು. ಒಂದೂವರೆಯಿಂದ ಎರಡೂವರೆ ವರ್ಷ ಅಂತ ಬಂತು. ಆಮೇಲೆ ಕಾಹ್ನೆಮನ್ ತಂಡದಲ್ಲಿದ್ದ ಪಠ್ಯಕ್ರಮ ತಜ್ಞರನ್ನು ಕೇಳಿದರು, ನಮ್ಮಂಥ ಬೇರೆ ತಂಡಗಳಿಗೆ ಎಷ್ಟು ಹಿಡಿದಿದೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ನೂರಕ್ಕೆ 40ರಷ್ಟು ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೆ 7ರಿಂದ 10 ವರ್ಷ ಹಿಡಿಯಿತು. ಇದನ್ನೆಲ್ಲ ಬಲ್ಲ ಅದೇ ತಜ್ಞರ ಚೀಟಿಯಲ್ಲೂ ಎರಡು ವರ್ಷದ ಆಸುಪಾಸಿನ ಲೆಕ್ಕವೇ ಇತ್ತು! ತಂಡ ಕೆಲಸ ಮುಂದುವರಿಸಿತು. ಮುಗಿಯಲು ಎಂಟು ವರ್ಷ ಬೇಕಾಯಿತು. ಅಷ್ಟರಲ್ಲಿ ಇಲಾಖೆಯ ಆಸಕ್ತಿ ಹೋಗಿತ್ತು. ಆ ಪಠ್ಯವನ್ನು ಯಾರೂ ಬಳಸಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ತಜ್ಞರು. ವಿಷಯ ಅವರಿಗೆ ಗೊತ್ತಿತ್ತು. ಚೀಟಿ ಬರೆಯುವಾಗ ನೆನಪಾಗಲಿಲ್ಲ, ಯಾಕಂದರೆ ಯಾರೂ ಕೇಳಿರಲಿಲ್ಲ. ಕಾಹ್ನೆಮನ್ ಮತ್ತು ಅವರ ಜೊತೆಗಾರ ಮನಶ್ಶಾಸ್ತ್ರಜ್ಞ ಏಮಸ್ ಟ್ವರ್ಸ್ಕಿ 1979ರಲ್ಲಿ ಈ ತಪ್ಪಿಗೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟರು. ನಮ್ಮ ಕೈಲಿರುವ ಕೆಲಸವನ್ನಷ್ಟೇ ನೋಡಿ, ಎಲ್ಲ ಸರಿಯಾಗಿ ನಡೆಯುತ್ತದೆ ಅಂತ ಅಂದುಕೊಂಡು ದಿನ ಎಣಿಸುತ್ತೇವೆ. ಇಂಥದೇ ಕೆಲಸ ಹಿಂದೆ ಎಷ್ಟು ದಿನ ತಿಂದಿತ್ತು ಅಂತ ತಿರುಗಿ ನೋಡುವುದಿಲ್ಲ.

ಆ ಹುಡುಗಿಯ ಆರು ವಾರದಲ್ಲೂ ಇದೇ ತಪ್ಪಿತ್ತು, ಅದನ್ನೂ ಹೇಳಬೇಕು. ಅವಳು ಡೇಟಾ ಇರುವ ಟೇಬಲ್‌ಗಳನ್ನು ಎಣಿಸಿದಳು, ಅದನ್ನು ಸಾಗಿಸುವ ಸ್ಕ್ರಿಪ್ಟ್ ಬರೆಯುವ ದಿನ ಹಾಕಿದಳು, ಟೆಸ್ಟಿಂಗ್‌ಗೆ ಒಂದು ವಾರ ಸೇರಿಸಿದಳು. ಕಂಡದ್ದನ್ನೆಲ್ಲ ಲೆಕ್ಕಕ್ಕೆ ತಗೊಂಡಳು. ಆದರೆ ಹಳೆಯ ಡೇಟಾ ಒಳಗೆ ಹೇಗಿದೆ ಅಂತ ತೆರೆದು ನೋಡಿದವರು ಯಾರು? ನನ್ನ ಹಿಂದಿನ ಒಂದು ಪ್ರಾಜೆಕ್ಟಿನಲ್ಲಿ ಹುಟ್ಟಿದ ದಿನದ ಕಾಲಂ ಒಂದಿತ್ತು. 03/04/1961 ಅಂತ ಇದ್ದರೆ ಅದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಆಗಬಹುದು. ಒಂದು ಬ್ರಾಂಚಿನವರು ದಿನ ಮೊದಲು ಹಾಕಿದ್ದರು, ಇನ್ನೊಂದು ಬ್ರಾಂಚಿನವರು ತಿಂಗಳು ಮೊದಲು. ಫೋನ್ ನಂಬರ್ ಕಾಲಂನಲ್ಲಿ ನಂಬರಿನ ಮುಂದೆ "ಮಗನ ನಂಬರ್", "ಸಂಜೆ ಮಾಡಿ" ಅಂತೆಲ್ಲ ಬರೆದಿತ್ತು. ಕೌಂಟರಿನಲ್ಲಿ ಕೂತ ಯಾರೋ ಒಬ್ಬರು ಗ್ರಾಹಕರ ಅನುಕೂಲಕ್ಕೆ ಅಂತ ಬರೆದಿಟ್ಟದ್ದು. ಅಳಿಸೋಕೂ ಮನಸ್ಸು ಬರುವುದಿಲ್ಲ, ಹೊಸ ಸಿಸ್ಟಮ್ ತಗೊಳ್ಳುವುದೂ ಇಲ್ಲ. ಆ ಎರಡು ಕಾಲಂಗಳಿಗೇ 11 ದಿನ ಹೋಯಿತು. ಯಾರ ಎಕ್ಸೆಲ್ ಶೀಟಿನಲ್ಲೂ ಆ 11 ದಿನ ಇರಲಿಲ್ಲ.

ತಾರೀಕು ಜಾರುವುದು ಹೀಗೆ. ಯಾರೋ ಸೋಮಾರಿ ಆಗಿದ್ದಕ್ಕೆ ಅಲ್ಲ. ಆದರೆ ಜಾರಿದ ಮೇಲೆ ಬೈಸಿಕೊಳ್ಳುವುದು, ಶನಿವಾರ ಭಾನುವಾರ ಬಂದು ಕೂರುವುದು ಅದೇ ಹುಡುಗಿ. ನನಗೆ ಸಿಟ್ಟು ಬರುವುದು ಇಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಬೇರೆ, ಕುಲಾವಿ ಹಿಡಿಸಲಿಲ್ಲ ಅಂತ ಮಾತು ಕೇಳುವವರು ಬೇರೆ.

ತಡವಾದಾಗ ಇನ್ನೂ ಮೂರು ಜನರನ್ನು ಹಾಕಿ ಅನ್ನುವ ಪರಿಹಾರವೂ ಬರುತ್ತದೆ. ಐಬಿಎಂನ ಓಎಸ್/360 ಅನ್ನುವ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸ ನೋಡಿಕೊಂಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದಕ್ಕೆ ಉತ್ತರ ಬರೆದಿದ್ದಾರೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಹೊಸಬರಿಗೆ ಹೇಳಿಕೊಡಬೇಕಾದವರು ಹಳಬರೇ ಅಲ್ವಾ? ಐದು ಜನ ಇದ್ದಾಗ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 10. ಹತ್ತು ಜನ ಆದರೆ 45. ಕೆಲಸ ಅಳೆಯಲು ಸ್ಟೋರಿ ಪಾಯಿಂಟ್, ಕೆಲವು ವಾರದ ತುಂಡುಗಳಾಗಿ ಮಾಡಲು ಸ್ಪ್ರಿಂಟ್ ಎಲ್ಲ ಬಂದ ಮೇಲೂ ಈ ಲೆಕ್ಕ ಬದಲಾಗಿಲ್ಲ.

ಹಾಗಂತ ತಾರೀಕೇ ಬೇಡ ಅನ್ನುತ್ತಿಲ್ಲ. ವ್ಯಾಪಾರ ಮಾಡುವವರಿಗೆ ತಾರೀಕು ಬೇಕು. ಮಾರ್ಚ್ 31 ಯಾರಿಗೂ ಕಾಯುವುದಿಲ್ಲ. ಕೆಲವು ತಾರೀಕುಗಳನ್ನು ಸರ್ಕಾರವೇ ಇಡುತ್ತದೆ. ಜಿಎಸ್‌ಟಿ 2017ರ ಜುಲೈ 1ಕ್ಕೆ ಶುರುವಾಯಿತು. ಮೂಲ ಯೋಜನೆಯಲ್ಲಿ ಜಿಎಸ್‌ಟಿಆರ್-1, 2, 3 ಅಂತ ಮೂರು ರಿಟರ್ನ್ ಇದ್ದವು. ಮಾರಿದವರ ಬಿಲ್ಲು, ಕೊಂಡವರ ಬಿಲ್ಲು ತಾಳೆ ಆಗಬೇಕಿತ್ತು. ಮೊದಲ ಎರಡು ತಿಂಗಳಿಗೆ ಅಂತ 3ಬಿ ಅನ್ನುವ ಸರಳ ರಿಟರ್ನ್ ತಂದರು. ಆ ವರ್ಷದ ನವೆಂಬರಿನಲ್ಲಿ 2 ಮತ್ತು 3ನ್ನು ತಡೆಹಿಡಿದರು. ಎರಡು ತಿಂಗಳಿಗೆ ಅಂತ ಬಂದ 3ಬಿಯನ್ನು ನಮ್ಮ ಅಂಗಡಿಯವರು ಇವತ್ತಿಗೂ ತುಂಬುತ್ತಿದ್ದಾರೆ. ತಾರೀಕು ಅಲ್ಲಾಡುವುದಿಲ್ಲ ಅಂದರೆ ಕೆಲಸ ಕಡಿಮೆ ಆಗಲೇಬೇಕು. ಏನನ್ನು ಬಿಡುವುದು ಅಂತ ಮೊದಲೇ ಕೂತು ಮಾತಾಡಿಕೊಂಡರೆ ಒಳ್ಳೆಯದು. ಕೊನೆಯ ವಾರ ಕೈಗೆ ಸಿಕ್ಕಿದ್ದನ್ನು ಬಿಡುವ ಹಾಗಾದರೆ, ಸಾಮಾನ್ಯವಾಗಿ ಟೆಸ್ಟಿಂಗ್ ಬಿಟ್ಟುಹೋಗುತ್ತದೆ. ನಾನು ಕಂಡ ಹಾಗೆ ಯಾವಾಗಲೂ ಅದೇ.

ಮೊದಲೇ ಒಂದು ಮೊತ್ತಕ್ಕೆ ಒಪ್ಪಿಕೊಂಡ ಫಿಕ್ಸ್ಡ್ ಬಿಡ್ ಪ್ರಾಜೆಕ್ಟಿನಲ್ಲಿ ಇದೆಲ್ಲ ನಡೆಯಲ್ಲ ಅಂತ ಗೆಳೆಯರು ಹೇಳುತ್ತಾರೆ. ಕಷ್ಟ ಅಂತ ಒಪ್ಪುತ್ತೇನೆ. ಆದರೆ ಅಲ್ಲೂ ಮೊದಲ ಎರಡು ವಾರ ನೋಡಿ ತಿಳಿಯುವ ಕೆಲಸಕ್ಕೆ ಬೇರೆ ದುಡ್ಡು ಕೇಳಬಹುದು. ಬೋರ್ ಏಜೆಂಟ್ ಕೇಸಿಂಗ್ ಬೇರೆ ಅಂತ ಹೇಳಿದಾಗ ಅಪ್ಪನಿಗೆ ಬೇಜಾರಾಗಲಿಲ್ಲ, ನಂಬಿಕೆ ಬಂತು.

ಮೊನ್ನೆ ಸೋಮವಾರ ನಾನೂ ಆ ಹುಡುಗಿಯೂ ಕೂತು, ಹಳೆಯ ಕೆಲಸಗಳ ವಿವರ ಬರೆದಿಟ್ಟ ಟಿಕೆಟ್‌ಗಳನ್ನು ತೆಗೆದೆವು. ಇಂಥದೇ ಮೂರು ಮೈಗ್ರೇಶನ್ ಸಿಕ್ಕವು. ಹೇಳಿದ್ದು 4 ವಾರ, ಆಗಿದ್ದು 7. ಹೇಳಿದ್ದು 6, ಆಗಿದ್ದು 9. ಹೇಳಿದ್ದು 3, ಆಗಿದ್ದು 7. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಓದಿ, "ಇದನ್ನ ಮೀಟಿಂಗ್‌ನಲ್ಲೇ ಹೇಳ್ಬೇಕಿತ್ತು ಅಲ್ವಾ?" ಅಂದರು. ಹೌದು, ಹೇಳಬೇಕಿತ್ತು ಅಂದೆ.

ಹೊಸ ಮೇಲ್ ನಾನೇ ಬರೆದೆ. 7ರಿಂದ 9 ವಾರ ಬೇಕು. ನಾಲ್ಕನೇ ವಾರಕ್ಕೆ ಏನಾದರೂ ಬೇಕೇ ಬೇಕು ಅಂದರೆ, ಎರಡು ವರ್ಷದ ಈಚಿನ ದಾಖಲೆಗಳನ್ನು ಮಾತ್ರ ತಂದುಕೊಡಬಹುದು. ನಿಮ್ಮ ಅಸಲಿ ಡೇಟಾದಲ್ಲಿ ಒಂದು ಭಾಗ ಈಗಲೇ ಕಳಿಸಿ, ಅದನ್ನು ನೋಡಿ ಮತ್ತೆ ಹೇಳುತ್ತೇವೆ. ತಾರೀಕಿನ ಬಗ್ಗೆ ಉತ್ತರ ಇನ್ನೂ ಬಂದಿಲ್ಲ. ಡೇಟಾ ಮಾತ್ರ ಇವತ್ತು ಮಧ್ಯಾಹ್ನ ಬಂತು. ಅವಳು ಫೈಲ್ ತೆರೆದು ಮೊದಲು ಹುಡುಕಿದ್ದು ಫೋನ್ ನಂಬರಿನ ಕಾಲಂ.