ತುಂಗಭದ್ರೆಯ ಹೂಳು ಎಲ್ಲಿಂದ ಬರುತ್ತದೆ?

ಮುಂಗಾರು ಹಿಡಿಯಿತೆಂದರೆ ತುಂಗಭದ್ರೆಯ ಬಗ್ಗೆ ನಾವು ಕೇಳುವುದು ಒಂದೇ ಪ್ರಶ್ನೆ: ಡ್ಯಾಮಿಗೆ ಎಷ್ಟು ನೀರು ಬಂತು? ಸಸಿಮಡಿ ಹಾಕುವ ಮುನ್ನ ಕಾಲುವೆಯ ಕೊನೆಯಂಚಿನ ರೈತನಿಗೆ ಆ ಲೆಕ್ಕ ಬೇಕೇ ಬೇಕು. ಆದರೆ ಹೊಸಪೇಟೆಯ ಆ ಡ್ಯಾಮಿಗೆ ಬರುವ ಮೊದಲು ಆ ನೀರು ಹರಿದ ದಾರಿಯನ್ನು ಮರೆತು ಬರೀ ಟಿಎಂಸಿಯಲ್ಲಿ ನದಿಯನ್ನು ಅಳೆಯುತ್ತಿರುವುದರಿಂದಲೇ ಹೂಳಿನ ಸಮಸ್ಯೆ ನಮಗೆ ಅರ್ಥವಾಗಿಲ್ಲವೆಂದು ನಾನು ನಂಬಿದ್ದೇನೆ.

ತುಂಗೆ, ಭದ್ರೆ ಎರಡೂ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ಅಲ್ಲಿಯೇ ಹುಟ್ಟುವ ನೇತ್ರಾವತಿ ಘಟ್ಟ ಇಳಿದು ಅರಬ್ಬಿ ಸಮುದ್ರ ಸೇರಿದರೆ, ಇವೆರಡೂ ಹತ್ತಿರದ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತವೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರುಗಳನ್ನೂ, ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಗಳನ್ನೂ ದಾಟಿ ಶಿವಮೊಗ್ಗದ ಆಚೆ ಕೂಡ್ಲಿಯಲ್ಲಿ ಒಂದಾಗುತ್ತವೆ. ಒಂದು ಆಷಾಢದಲ್ಲಿ ಆ ಸಂಗಮದ ಮೆಟ್ಟಿಲ ಮೇಲೆ ಕೂತು ಬೊಗಸೆ ತುಂಬ ನೀರೆತ್ತಿಕೊಂಡಿದ್ದೆ. ನೀರು ಬೆರಳ ಸಂದಿಯಲ್ಲಿ ಸೋರಿಹೋದ ಮೇಲೂ ಅಂಗೈಯ ಗೆರೆಗಳಲ್ಲಿ ನುಣ್ಣನೆಯ ಕೆಮ್ಮಣ್ಣು ಉಳಿದಿತ್ತು. ಮಲೆನಾಡಿನ ಯಾವುದೋ ಗುಡ್ಡದ ಮೇಲ್ಮಣ್ಣು ಅದು. ಅಲ್ಲಿ ಮರವೊಂದನ್ನು ಹಿಡಿದು ನಿಲ್ಲಿಸಬೇಕಾಗಿದ್ದದ್ದು ಹೊಳೆಯ ಪಾಲಾಗಿತ್ತು.

ಕೂಡ್ಲಿಯಿಂದ ಕೃಷ್ಣೆಯವರೆಗೆ ತುಂಗಭದ್ರೆಯ ಹರಿವು ಸುಮಾರು 531 ಕಿ.ಮೀ. ಹೊನ್ನಾಳಿ, ಹರಿಹರ ದಾಟಿದ ಮೇಲೆ, ಇಕ್ಕೇರಿ ಸಮೀಪದ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬರುವ ವರದೆ ಗಳಗನಾಥದಲ್ಲಿ ಕೂಡಿಕೊಳ್ಳುತ್ತದೆ. ಹೀಗೆ ಘಟ್ಟದ ಮಣ್ಣು, ಬಯಲಿನ ಹೊಲಗಳ ಮಣ್ಣು ಎರಡೂ 1953ರಲ್ಲಿ ಕಟ್ಟಿ ಮುಗಿದ ಜಲಾಶಯದ ತಳ ಸೇರುತ್ತ ಬಂದಿವೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಇಂದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ ಮೇಲಂಚಿನಲ್ಲಿ ನೀರು ಬಿಡುವ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾಡೆಲ್ಲ ಗಾಬರಿಯಾಯಿತು, ಆಗಬೇಕಾದ್ದೇ. ಅದಕ್ಕಿಂತ ದೊಡ್ಡ ನಷ್ಟ ವರ್ಷವರ್ಷವೂ ಸದ್ದಿಲ್ಲದೆ ಆಗುತ್ತಿದೆ.

ಡ್ಯಾಮಿನ ಕೆಳಗೆ ಹಂಪಿಯಲ್ಲಿ ವಿಜಯನಗರ ಕಾಲದ ‘ತುರ್ತು’ ಎಂಬ ಹೆಸರಿನ ಕಾಲುವೆ ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಆ ಕಾಲದ ತಗ್ಗಾದ ಅಣೆಗಳು ಹೊಳೆಯನ್ನು ಪೂರ್ತಿ ಕಟ್ಟಿಹಾಕುತ್ತಿರಲಿಲ್ಲವಾದ್ದರಿಂದ ಪ್ರವಾಹದ ಜೊತೆ ಮಣ್ಣೂ ಸಾಗಿಹೋಗುತ್ತಿತ್ತು. ಆ ವ್ಯವಸ್ಥೆ ಇಂದಿನ ಲಕ್ಷಾಂತರ ಎಕರೆಗೆ ಸಾಲದು ಎಂಬುದು ನನಗೂ ಗೊತ್ತು. ಅಲ್ಲಿಂದ ನದಿ ಕಂಪ್ಲಿ, ಮಂತ್ರಾಲಯ, ಕರ್ನೂಲುಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ.

ಹೂಳಿನಿಂದ ಕಳೆದುಕೊಂಡ ನೀರಿಗಾಗಿ ಕೊಪ್ಪಳದ ನವಲಿ ಬಳಿ, ಡ್ಯಾಮಿನಲ್ಲಿ ಹಿಡಿಸದ ನೀರನ್ನು ಕೂಡಿಡುವ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವಿದೆ. ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಮೇಲಿನ ಗುಡ್ಡದ ಮಣ್ಣು ಸವೆಯುವುದನ್ನು ತಡೆಯದೆ ಕೆಳಗೆ ಇನ್ನೊಂದು ಪಾತ್ರೆ ಇಟ್ಟರೆ ಹಳೆಯ ಪಾತ್ರೆ ತುಂಬುವುದು ನಿಲ್ಲುವುದಿಲ್ಲ. ಹೂಳಿನ ಬಗ್ಗೆ ಸಭೆ ಕರೆಯುವಾಗ ಅಚ್ಚುಕಟ್ಟಿನ ರೈತರ ಪಕ್ಕದಲ್ಲಿ ಕಳಸ, ತೀರ್ಥಹಳ್ಳಿಯ ಬೆಳೆಗಾರರಿಗೂ ವರದೆಯ ದಡದ ಒಕ್ಕಲಿಗೂ ಕುರ್ಚಿ ಹಾಕಬೇಕು.