ಕೊಡಚಾದ್ರಿಗೆ ಕೊಡೆ, ಬೆನ್ ನೆವಿಸ್‌ಗೆ ಉಣ್ಣೆ ಬನಿಯನ್

ಕೊಡಚಾದ್ರಿಯ ಎತ್ತರ 1343 ಮೀಟರ್. ಸ್ಕಾಟ್ಲೆಂಡಿನ, ಅಷ್ಟೇ ಏಕೆ, ಇಡೀ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 1345. ಎರಡೇ ಮೀಟರ್ ಜಾಸ್ತಿ. ಗ್ಲಾಸ್ಗೋಗೆ ಬಂದ ಹೊಸದರಲ್ಲಿ ಇದನ್ನು ಓದಿ ನನಗೆ ನಗು ಬಂದಿತ್ತು. ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಕೊಡಚಾದ್ರಿ ಹತ್ತಿದ ಹೊಸನಗರದ ಕಡೆಯವನು ನಾನು, ಇಷ್ಟಕ್ಕೆಲ್ಲ ಹೆದರ್ತೀನಾ? ಮಳೆಯ ಲೆಕ್ಕದಲ್ಲೂ ನಾವೇ ಮುಂದೆ. ಬೆನ್ ನೆವಿಸ್ ತುದಿಯಲ್ಲಿ 1883ರಿಂದ 1904ರವರೆಗೆ ಒಂದು ಹವಾಮಾನ ಕೇಂದ್ರ ಇತ್ತು. ಜನ ಚಳಿಗಾಲವೆಲ್ಲ ಅಲ್ಲೇ ಉಳಿದು, ಗಂಟೆಗೊಮ್ಮೆ ಹೊರಗೆ ಹೋಗಿ ಅಳತೆ ಬರೆದಿಡುತ್ತಿದ್ದರು. ಅವರಿಗೆ ಸಿಕ್ಕ ಮಳೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ನಮ್ಮ ಆಗುಂಬೆ 7000 ದಾಟುತ್ತದೆ.

ಈ ಜಂಬ ಇಳಿಯೋಕೆ ಬೆನ್ ನೆವಿಸ್ ತನಕ ಹೋಗಬೇಕಾಗಲೇ ಇಲ್ಲ. ಗ್ಲಾಸ್ಗೋಗೆ ಹತ್ತಿರದ ಬೆನ್ ಲೋಮಂಡ್ ಸಾಕಾಯಿತು, ಬರೀ 974 ಮೀಟರ್. ಮೇ ತಿಂಗಳು, ಕೆಳಗೆ ಸರೋವರದ ಪಕ್ಕ ಒಳ್ಳೇ ಬಿಸಿಲು. ನನ್ನ ಹತ್ತಿರ ಅರ್ಧ ತಿಂಗಳ ಬಾಡಿಗೆಯಷ್ಟು ದುಡ್ಡು ಕೊಟ್ಟು ತಂದ ಜಾಕೆಟ್ ಇತ್ತು, ನೀರು ಒಳಗೆ ಬರಲ್ಲ, ಬೆವರು ಹೊರಗೆ ಹೋಗುತ್ತೆ ಅನ್ನೋ ಜಾತಿಯದು. ಅದರ ಒಳಗೆ ಹಾಕಿದ್ದೇನು? ಊರಿಂದ ತಂದ ಹತ್ತಿ ಬನಿಯನ್, ಕಾಟನ್ ಶರ್ಟು, ಕೆಳಗೆ ಜೀನ್ಸು. ದುಡ್ಡು ಕೊಟ್ಟಿದ್ದೀನಲ್ಲ ಅಂತ ಜಾಕೆಟ್ಟನ್ನು ಕಾರಿನಿಂದ ಇಳಿದಾಗಲೇ ಹಾಕಿಕೊಂಡೆ. ಅರ್ಧ ದಾರಿಗೆ ಬನಿಯನ್ ಹಿಂಡಿದರೆ ಲೋಟ ತುಂಬುವಷ್ಟು ಬೆವರು. ತುದಿಗೆ ಹೋದಾಗ ಮೋಡ ಬಂತು, ಗಾಳಿ ಬಂತು, ಮಳೆ ಇನ್ನೂ ಬಂದೇ ಇರಲಿಲ್ಲ. ಚಿತ್ರಾನ್ನದ ಡಬ್ಬಿ ತೆಗೆದು ತೊಡೆ ಮೇಲೆ ಇಟ್ಟುಕೊಂಡೆ. ಮುಚ್ಚಳ ತೆಗೆಯೋಕೆ ಆಗಲಿಲ್ಲ. ಡಬ್ಬಿ ಗಟ್ಟಿ ಇರಲಿಲ್ಲ, ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಹೆಬ್ಬೆರಳನ್ನು ಅಂಚಿಗೆ ಒತ್ತಿದರೆ ಒತ್ತಿದ್ದೇ ಗೊತ್ತಾಗುತ್ತಿಲ್ಲ.

ಪಕ್ಕದಲ್ಲಿ ಕೂತಿದ್ದ ಒಬ್ಬರು ವಯಸ್ಸಾದವರು ಇದನ್ನು ನೋಡುತ್ತಿದ್ದರು. ಎದ್ದು ಬಂದು, ಜಾಕೆಟ್ ಬಿಚ್ಚಿ ಒಳಗಿನದೆಲ್ಲ ತೆಗಿ ಅಂದರು. ಆ ಗಾಳಿಯಲ್ಲಿ! ಬಂಡೆ ಮರೆಯಲ್ಲಿ ಬರೀ ಮೈಯಲ್ಲಿ ನಿಂತೆ. ಅವರು ತಮ್ಮ ಚೀಲದಿಂದ ಬೂದು ಬಣ್ಣದ, ಮೊಣಕೈ ಹತ್ತಿರ ಹೊಲಿಗೆ ಹಾಕಿದ ತೆಳ್ಳಗಿನ ಉಣ್ಣೆ ಬನಿಯನ್ ಒಂದನ್ನು ಕೊಟ್ಟರು. ಹತ್ತು ನಿಮಿಷಕ್ಕೆ ಚಿತ್ರಾನ್ನ ತಿಂದೆ, ಅವರಿಗೂ ಕೊಟ್ಟೆ. ಖಾರ ಅಂದರು.

ಆಗ ಅರ್ಥವಾಗಿದ್ದು ಇದು. ನಾವು ಮಳೆಗೆ ಹೆದರುತ್ತೇವೆ, ಇಲ್ಲಿನವರು ಬೆವರಿಗೆ ಹೆದರುತ್ತಾರೆ. ಮಲೆನಾಡಿನ ಮಳೆ ಬೆಚ್ಚಗಿನ ಮಳೆ. ನೆಂದರೆ ನೆಂದೆವು, ಮನೆಗೆ ಬಂದು ಹಂಡೆ ನೀರು ಸುರಿದುಕೊಂಡು, ಬಟ್ಟೆಯನ್ನು ಬಚ್ಚಲೊಲೆ ಮೇಲೆ ಹಾಕಿದರೆ ಮುಗಿಯಿತು. ಇಲ್ಲಿ ಸಾವಿರ ಮೀಟರ್ ಹತ್ತಿದರೆ ಆರೇಳು ಡಿಗ್ರಿ ಇಳಿಯುತ್ತದೆ, ಗಾಳಿಯಂತೂ ನಿಲ್ಲೋದೇ ಇಲ್ಲ. ಹತ್ತಿ ನೀರನ್ನು ಹೀರಿಕೊಂಡು ಮೈಗೆ ಅಂಟಿ ಕೂರುತ್ತದೆ, ಆ ನೀರು ಆರಬೇಕಾದರೆ ಬೇಕಾಗುವ ಬಿಸಿ ನಮ್ಮ ಮೈಯಿಂದಲೇ ಹೋಗುತ್ತದೆ. ಮಡಕೆ ನೀರು ತಣ್ಣಗಾಗುವುದೂ ಹೀಗೇ ಅಲ್ವಾ? ನಾನು ಮಡಕೆ ಆಗಿದ್ದೆ, ಅಷ್ಟೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರನ್ನು ಎಳೆಯ ಒಳಗೇ ಇಟ್ಟುಕೊಂಡೂ ಮೈಗೆ ಒದ್ದೆ ಅನ್ನಿಸುವುದಿಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಅದೇ ನನಗೆ ಬೇಜಾರು. ಅಜ್ಜ ಗದ್ದೆಗೆ ಹೋಗುತ್ತಿದ್ದದ್ದು ಕಂಬಳಿ ಕೊಪ್ಪೆ ಹಾಕಿಕೊಂಡು. ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಒರಟು ಕುರಿ ಕಂಬಳಿ. ಒದ್ದೆಯಾದರೆ ಮಣಭಾರ, ಜೊತೆಗೆ ಕುರಿಹಿಂಡೇ ಮನೆಗೆ ಬಂದಂಥ ವಾಸನೆ. ಆದರೂ ಅಜ್ಜ ನಡುಗಿದ್ದು ನೋಡಿಲ್ಲ. ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು, ಹಗುರ, ಅಗ್ಗ, ಕಂಬಳಿ ಅಟ್ಟ ಸೇರಿತು.

ಹಾಗಂತ ಇಲ್ಲಿನವರು ಮಾಡೋದೇ ಸರಿ ಅಂತ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಊರಿಗೆ ಹೋದಾಗ ಅದೇ ಜಾಕೆಟ್ ಹಾಕಿಕೊಂಡು, ಅದೇ ನೀರು ಹೋಗದ ಶೂ ಹಾಕಿಕೊಂಡು ಕೊಡಚಾದ್ರಿ ಹತ್ತಿದೆ. ಒಳಗೂ ಮಳೆ, ಹೊರಗೂ ಮಳೆ. ಬೆವರಿನ ಹಬೆ ಜಾಕೆಟ್ಟಿನಿಂದ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ತಂಪಾಗಿ ಒಣಗಿರಬೇಕು. ಆಷಾಢದ ಮಲೆನಾಡಿನಲ್ಲಿ ಒಣಗಾಳಿ ಎಲ್ಲಿಂದ ತರೋದು? ಶೂ ಒಳಗೆ ಹಳ್ಳದ ನೀರು ಒಂದು ಸಲ ಮೇಲಿಂದ ಹೊಕ್ಕಿದ್ದು ಸಂಜೆವರೆಗೂ ಹೊರಗೆ ಹೋಗಲಿಲ್ಲ, ನೀರು ಒಳಗೆ ಬಿಡದ ಶೂ ಹೊರಗೂ ಬಿಡುವುದಿಲ್ಲ ನೋಡಿ. ನನ್ನ ತಮ್ಮ ಒಂದು ಕೊಡೆ, ಚಡ್ಡಿ, ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಆರಾಮಾಗಿ ಬಂದ. ರಕ್ತ ಹೀರುವ ಉಂಬಳ ಇಬ್ಬರಿಗೂ ಹತ್ತಿತು. ಅವನು ಕಾಲು ನೋಡಿಕೊಂಡು ಆಗಾಗ ಸುಣ್ಣ ಮುಟ್ಟಿಸಿ ಬೀಳಿಸಿದ, ನನಗೆ ಗೊತ್ತಾಗಿದ್ದು ಮನೆಯಲ್ಲಿ ಸಾಕ್ಸ್ ಬಿಚ್ಚಿದಾಗ.

ಅದೇ ಕೊಡೆಯನ್ನು ಸ್ಕಾಟ್ಲೆಂಡಿನ ಬೆಟ್ಟದ ಮೇಲೆ ಬಿಚ್ಚಿದರೆ ಒಂದು ನಿಮಿಷಕ್ಕೆ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಇಲ್ಲಿ ಬೆಟ್ಟ ಹತ್ತುವವರಿಗೇ ಅಂತ ಬೇರೆ ಹವಾಮಾನ ವರದಿ ಇದೆ. ಈ ಗಾಳಿಯಲ್ಲಿ ನಡೆಯೋದು ಎಷ್ಟು ಕಷ್ಟ ಅಂತಲೂ ಅದರಲ್ಲಿ ಬರೆದಿರುತ್ತಾರೆ.

ಈಗ ಇಲ್ಲಿಗೆ ಓದಲು ಬರುವ ನಮ್ಮ ಹುಡುಗರು ಬೆಂಗಳೂರಿನಿಂದ ದಪ್ಪ ಪುಕ್ಕದ ಜಾಕೆಟ್ ತರುತ್ತಾರೆ, ಹಿಮಾಲಯದ ಟ್ರೆಕ್ಕಿಗೆ ತಗೊಂಡಿದ್ದು. ಒಣಚಳಿಗೆ ಅದು ಬಂಗಾರ. ಇಲ್ಲಿನ ಜಿಟಿಜಿಟಿಯಲ್ಲಿ ನೆಂದರೆ ಪುಕ್ಕವೆಲ್ಲ ಮುದ್ದೆಯಾಗಿ ಜಾಕೆಟ್ ಸುಮ್ನೆ ಹೊರೆ. ನಾನು ಹೇಳೋದು, ದುಡ್ಡು ಹಾಕುವುದಾದರೆ ಮೊದಲು ಬನಿಯನ್ನಿಗೆ ಹಾಕಿ, ಇನ್ನೊಂದು ಬನಿಯನ್ ಚೀಲದಲ್ಲಿರಲಿ, ಜೀನ್ಸ್ ಮನೆಯಲ್ಲಿರಲಿ. ಜಾಕೆಟ್ ಸಾಧಾರಣದ್ದೇ ಸಾಕು, ಆದರೆ ಬಟ್ಟೆ ಮೆತ್ತಗಾಗಲು ಹಾಕುವ ಆ ಸುವಾಸನೆಯ ದ್ರಾವಣದಲ್ಲಿ ಅದನ್ನು ಒಗೆಯಬೇಡಿ. ನಾನು ಒಗೆದೆ. ಮುಂದಿನ ಮಳೆಯಲ್ಲಿ ಹೊರಬಟ್ಟೆ ಸ್ಪಂಜಿನ ಹಾಗೆ ನೀರು ಕುಡಿಯಿತು. ಇನ್ನೊಂದು, ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಕಾರಿನ ಹತ್ತಿರವೇ ಬೆಚ್ಚಗಿದ್ದರೆ ಒಂದು ಪದರ ಜಾಸ್ತಿ ಹಾಕಿದ್ದೀರಿ ಅಂತ.

ಮೊನ್ನೆ ತಮ್ಮ ಫೋನ್ ಮಾಡಿ, ಬರುವಾಗ ನಿನ್ನಂಥದ್ದೇ ಜಾಕೆಟ್ ತಾ, ಡಿಸೆಂಬರಿನಲ್ಲಿ ಉತ್ತರಾಖಂಡಕ್ಕೆ ಹೋಗ್ತೀವಿ ಅಂದ. ಎರಡು ಉಣ್ಣೆ ಬನಿಯನ್ ತರ್ತೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬನಿಯನ್ನಾ? ಅಜ್ಜನ ಕಂಬಳಿ ಥರ ಚುಚ್ಚಲ್ವಾ?"

ಚುಚ್ಚಲ್ಲ ಮಾರಾಯ, ಇದರ ಎಳೆ ಸಣ್ಣ ಅಂದೆ. ನಂಬಿದ ಹಾಗೆ ಕಾಣಲಿಲ್ಲ.